ಕೂಗಿದರೆ ಇಳಿಯುವ ಬುಟ್ಟಿ

‘ಬಿಸಿನೀರು ಬರ್ತಿಲ್ಲ’ ಎಂಬ ಎರಡು ಮಾತನ್ನು ಪುಟ್ಟಿ ಲಾಡ್ಜಿನ ಮೆಟ್ಟಿಲಿಳಿಯುತ್ತ ಬಾಯೊಳಗೇ ಬಗೆಬಗೆಯಾಗಿ ಆಡಿ ನೋಡಿದಳು. ‘ಬಿಸಿನೀರು ಬರುತ್ತಾ?’ ಎಂದು ಕೇಳಿದರೆ ಮೃದುವಾಗಿರುತ್ತದೆ, ಆದರೆ ಅವನು ‘ಬರುತ್ತಲ್ಲ’ ಎಂದುಬಿಟ್ಟರೆ ಮುಗಿಯಿತು, ಇಲ್ಲ ಎಂದು ವಾದಿಸುವ ತ್ರಾಣ ತನಗೆಲ್ಲಿದೆ. ‘ನೀರು ಯಾಕೋ ತಣ್ಣಗಿದೆ’ ಎಂದರೆ ತಪ್ಪು ನೀರಿನದಾಗುತ್ತದೆ, ಲಾಡ್ಜಿನದಾಗುವುದಿಲ್ಲ, ಅದೇ ವಾಸಿ. ಕೆಳಗೆ ಕೌಂಟರಿನ ಹಿಂದೆ ಕೂತ ಗುಮಾಸ್ತ ಫೋನಿನಲ್ಲಿ ಯಾರ ಜೊತೆಗೋ ನಗುತ್ತಿದ್ದ. ಅವನ ನಗು ಮುಗಿಯಲೆಂದು ಅವಳು ಗೋಡೆಗೆ ತೂಗುಹಾಕಿದ್ದ ಕೀಲಿಗಳನ್ನು ನೋಡುತ್ತ ನಿಂತಳು. ಅವನು ಫೋನಿಗೆ ಅಂಗೈ ಅಡ್ಡ ಹಿಡಿದು ‘ಏನ್ ಮೇಡಂ?’ ಎಂದು ಹುಬ್ಬು ಹಾರಿಸಿದ. ಐವತ್ತು ದಾಟಿದ, ತಲೆ ಅರ್ಧ ನರೆತ ಪುಟ್ಟಿ, ‘ಇಲ್ಲಿ ಗಾಳಿ ಚೆನ್ನಾಗಿದೆ’ ಎಂದಳು. ‘ಹೂಂ ಮೇಡಂ, ಗಾಳಿಗೇನೂ ಕಮ್ಮಿ ಇಲ್ಲ’ ಎಂದು ಅವನು ಮತ್ತೆ ತನ್ನ ನಗುವಿಗೆ ಹೋದ. ಅವಳು ಬಂದ ಮೆಟ್ಟಿಲನ್ನೇ ಹತ್ತಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಂಚದ ತುದಿಯಲ್ಲಿ ಕಾಯುತ್ತಿದ್ದ ಅಕ್ಕನಿಗೆ ‘ಇನ್ನೇನು ಬರುತ್ತಂತೆ’ ಎಂದು ಸುಳ್ಳು ಹೇಳಿದಳು. ಅಕ್ಕ ನಲ್ಲಿ ತಿರುಗಿಸಿ, ಬೆರಳಿಟ್ಟು ನೋಡಿ, ತಂಗಿಯ ಮುಖವನ್ನೊಮ್ಮೆ ನೋಡಿ, ತಣ್ಣೀರಿನಲ್ಲೇ ಸ್ನಾನ ಮುಗಿಸಿ ಬಂದಳು. ಬಂದವಳು ಒಂದು ಸೀನು ಸೀನಿದಳು.

ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿತ್ತು. ದೊಡ್ಡ ಕಾಯಿಲೆಯೇನೂ ಅಲ್ಲ, ದನಿಯ ತಂತುಗಳ ಮೇಲೆ ಗಂಟು ಎದ್ದಿದ್ದವು, ತೆಗೆದುಹಾಕಿದ್ದರು. ಆದರೆ ಗಾಯ ಮಾಯುವ ತನಕ ಒಂದಕ್ಷರ ಆಡಬಾರದು, ಪಿಸುಮಾತು ಕೂಡ ಬೇಡ ಎಂದು ಡಾಕ್ಟರಮ್ಮ ಕಣ್ಣು ಕೆಂಪಗೆ ಮಾಡಿ ಹೇಳಿದ್ದರು. ‘ಒಂದೇ ಒಂದು ಸಲ ಜೋರಾಗಿ ಕೂಗಿದ್ರೂ ಗಾಯ ಬಿರಿಯುತ್ತೆ. ಆಮೇಲೆ ದನಿ ಬರುತ್ತೋ ಇಲ್ವೋ, ನನ್ನ ಕೇಳ್ಬೇಡಿ.’ ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲುಗಟ್ಟಿಸಿ ಓಡಿಸಿ ನಿವೃತ್ತಳಾದ ಆಟದ ಟೀಚರಿಗೆ ಇದು ಕೈಕಾಲು ಕಟ್ಟಿದ್ದಕ್ಕಿಂತ ಹೆಚ್ಚಿನ ಶಿಕ್ಷೆ. ನೋಡಲು ಬಂದ ಓಣಿಯವರು ಮೊದಲನೆಯ ದಿನ ಕನಿಕರಪಟ್ಟರು, ಎರಡನೆಯ ದಿನದಿಂದ ಇದೇ ಸಮಯವೆಂದು ತಮ್ಮ ಮಾತನ್ನೆಲ್ಲ ಸುರಿಯತೊಡಗಿದರು. ತಿರುಗಿ ಹೇಳಲಾರದೆ ಅಕ್ಕನ ಮುಖ ಕೆಂಪೇರುತ್ತಿತ್ತು. ಒಂದು ಬೆಳಿಗ್ಗೆ ಅವಳು ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ, ಹಳೆಯ ವಿಸಿಲನ್ನು ಕೊರಳಿಗೆ ಹಾಕಿಕೊಂಡು, ಪುಟ್ಟಿಯ ಕೆಲಸದ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಚಿತ್ರವನ್ನು ಬೆರಳಿನಿಂದ ಕುಟ್ಟಿ ತೋರಿಸಿದಳು. ಗುರುತು ಪರಿಚಯ ಇಲ್ಲದ ಕಡೆ ಹೋಗೋಣ, ಅಲ್ಲಿ ಯಾರೂ ಮಾತಾಡಿಸುವುದಿಲ್ಲ ಎಂದು ಅದರರ್ಥ. ವಿಸಿಲಿಗೂ ಒಂದು ಭಾಷೆಯಾಯಿತು. ಒಂದು ಸಲ ಊದಿದರೆ ಬೇಡ, ಎರಡು ಸಲಕ್ಕೆ ಹೂಂ, ಉದ್ದಕ್ಕೆ ಎಳೆದು ಊದಿದರೆ ‘ನಿನ್ನ ತಲೆ’. ಕ್ಯಾಲೆಂಡರಿನ ಚಿತ್ರದಲ್ಲಿ ಹುಲ್ಲುಗಾವಲಿನ ನಡುವೆ ಒಂದು ಲೈಟ್‌ಹೌಸ್ ಇತ್ತು, ಸುತ್ತ ಎಲ್ಲೂ ಸಮುದ್ರವಿರಲಿಲ್ಲ.

ಆ ಕ್ಯಾಲೆಂಡರಿನ ವರ್ಷ ಮುಗಿದು ಎಷ್ಟು ಕಾಲವಾಗಿತ್ತೋ, ಪುಟ್ಟಿ ಅದನ್ನು ತೆಗೆದಿರಲಿಲ್ಲ. ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಕೂರಿಸುವ ಕೆಲಸ. ತೀರ ಸಾಲಾಗಿ ಕೂರಿಸಿದರೆ ಸುಳ್ಳು ಹಲ್ಲೆಂದು ದೂರದಿಂದಲೇ ಗೊತ್ತಾಗುತ್ತದೆ, ಅದಕ್ಕೆ ಯಾವುದಾದರೂ ಒಂದನ್ನು ಚೂರು ಓರೆ ಮಾಡುತ್ತಿದ್ದಳು. ಯಾರದೋ ಅಜ್ಜನ, ಯಾರದೋ ಅತ್ತೆಯ ಬಾಯಿ ಅವಳ ಅಂಗೈಯಲ್ಲಿ ತೆರೆದುಕೊಂಡಿರುತ್ತಿತ್ತು. ಅವರು ಆ ಹಲ್ಲು ಹಾಕಿಕೊಂಡು ಮದುವೆ ಮನೆಗಳಲ್ಲಿ ಹರಟೆ ಹೊಡೆದರು, ಸೊಸೆಯಂದಿರನ್ನು ಬೈದರು, ಅವಳಿಗೆ ಒಂದೂ ಕೇಳಿಸಲಿಲ್ಲ. ಕೇಳಿಸದಿದ್ದುದೇ ಅವಳಿಗೆ ಆ ಕೆಲಸದಲ್ಲಿದ್ದ ಸುಖ. ‘ಊರಿಗೆಲ್ಲ ಬಾಯಿ ಮಾಡ್ಕೊಡ್ತಾಳೆ, ತನಗೊಂದು ಮಾಡ್ಕೊಳ್ಳೋಕೆ ಮರೆತಿದಾಳೆ’ ಎಂದು ಅಕ್ಕ ಬಂದವರೆದುರು ನಗುತ್ತಿದ್ದಳು. ಪುಟ್ಟಿ ಒಳಗೆ ಹೋಗಿ ಸುಮ್ಮನೆ ಡಬ್ಬಿಗಳನ್ನು ಸರಿಸುತ್ತಿದ್ದಳು. ಆಪರೇಷನ್ನಿನ ದಿನ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ, ‘ಬಹಳ ದುಡಿದ ಗಂಟಲು ಕಣ್ರೀ ಇದು, ಇಬ್ಬರಿಗಾಗುವಷ್ಟು ದುಡಿದಿದೆ’ ಎಂದಿದ್ದರು. ಮಾತಿಗೆ ಹೇಳಿದ್ದು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಚಪ್ಪಲಿ ಹಿಡಿದುಕೊಂಡು ಕೂತಿದ್ದ ಪುಟ್ಟಿಗೆ ಅದು ಮಾತಿಗೆ ಹೇಳಿದ್ದು ಅನ್ನಿಸಲಿಲ್ಲ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ತನ್ನ ಪರವಾಗಿ ಅಕ್ಕ ಆಡಿದ ಮಾತಿಗೆ ಲೆಕ್ಕವಿದೆಯೇ? ಎರಡು ಜೀವದ ಮಾತು ಒಂದೇ ಗಂಟಲಲ್ಲಿ ಹಾದುಹೋಗಿತ್ತು. ಗಂಟು ಏಳದೆ ಏನಾಗುತ್ತದೆ.

ಲಾಡ್ಜಿನಿಂದ ಲೈಟ್‌ಹೌಸಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಕಡೆಯ ಸೀಟನ್ನು ಅಕ್ಕ ಯಾವಾಗಿನಂತೆ ಅವಳಿಗೇ ಬಿಟ್ಟುಕೊಟ್ಟಳು. ಇಳಿಯುವ ಜಾಗ ಬಂದಾಗ ‘ನಿಲ್ಸಿ’ ಎನ್ನಬೇಕಾಗುತ್ತದೆಂಬ ಚಿಂತೆ ಪುಟ್ಟಿಯನ್ನು ಹತ್ತಿದ ಗಳಿಗೆಯಿಂದಲೇ ತಿನ್ನುತ್ತಿತ್ತು. ಅವಳಿಗೆ ಇಂಥ ಚಿತ್ರವಿಚಿತ್ರ ಜಾಗಗಳೆಂದರೆ ಪ್ರಾಣ. ಎಲ್ಲರೂ ನೋಡುವ ಅರಮನೆ, ಕೋಟೆಗಳಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು, ಅವುಗಳಿಗೆ ತಾವು ದೊಡ್ಡವರೆಂಬುದು ಗೊತ್ತು. ಎರಡು ಮಹಡಿಮನೆಗಳ ನಡುವೆ ಹೊಟ್ಟೆ ಎಳೆದುಕೊಂಡು ನಿಂತಿದ್ದ ಒಂದು ಇಕ್ಕಟ್ಟಿನ ಮನೆಯನ್ನು ಇಬ್ಬರೂ ಹಿಂದೆ ನೋಡಿದ್ದರು, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ರೈಲುಗಳಲ್ಲಿ ಜನ ಮರೆತುಹೋದ ಕೊಡೆಗಳನ್ನೇ ಸಾಲಾಗಿ ತೂಗುಹಾಕಿದ್ದ ಒಂದು ಮ್ಯೂಸಿಯಂ ನೋಡಿದ್ದರು. ಸುಟ್ಟುಹೋದ ನಾಟಕಶಾಲೆಯದೊಂದು ಮೆಟ್ಟಿಲ ಸಾಲು, ಹತ್ತಿದರೆ ಮೇಲೆ ಏನೂ ಇಲ್ಲ, ಆಕಾಶ, ಒಂದು ಕಬ್ಬಿಣದ ಸರಳು. ಅಂಥ ಜಾಗಗಳಿಗೆ ತಾವಿನ್ನೂ ಯಾಕೆ ಇದ್ದೇವೆಂಬ ಸಂಕೋಚವಿರುತ್ತದೆ, ಆದರೂ ಇರುತ್ತವೆ, ಯಾರನ್ನೂ ಏನೂ ಕೇಳುವುದಿಲ್ಲ. ಆ ಮೆಟ್ಟಿಲ ಮೇಲೆ ಪುಟ್ಟಿಗೆ ಕಾರಣವಿಲ್ಲದೆ ಕಣ್ಣು ತುಂಬಿತ್ತು. ಹೋದಲ್ಲೆಲ್ಲ ಬೇರೆಯವರ ಗುಂಪಿನ ಹಿಂದೆ, ಗೈಡಿನ ಮಾತನ್ನು ಕದ್ದು ಕೇಳುತ್ತ, ಕೇಳುತ್ತಿಲ್ಲವೆಂದು ತೋರಿಸಲು ಎದುರು ಗೋಡೆಯ ಬಿರುಕನ್ನು ಪರೀಕ್ಷಿಸುತ್ತ ನಿಲ್ಲುವುದು ಅವಳ ಪದ್ಧತಿ. ಅಕ್ಕ ಬಿಡುತ್ತಿರಲಿಲ್ಲ. ಕೊಡೆಗಳ ಮ್ಯೂಸಿಯಮ್ಮಿನಲ್ಲಿ ಬೀಗ ಹಾಕಿದ್ದ ಒಳಕೋಣೆಯ ಮುಂದೆ ಪುಟ್ಟಿ ಚೂರು ನಿಧಾನವಾದದ್ದನ್ನು ಕಂಡು ಕಾವಲುಗಾರನನ್ನು ಹಿಡಿದಳು. ‘ನನ್ನ ತಂಗಿ ಇದನ್ನ ನೋಡೋಕೇ ಹುಟ್ಟಿರೋದು ಕಣಪ್ಪ, ತೆಗಿ.’ ಕೋಣೆಯಲ್ಲಿದ್ದವರೆಲ್ಲ ಈ ಹುಟ್ಟಿದವಳು ಯಾರೆಂದು ತಿರುಗಿ ನೋಡಿದರು. ಇನ್ನೊಂದು ಕಡೆ, ‘ಸ್ವಲ್ಪ ದಾರಿ ಬಿಡಿ, ನನ್ನ ತಂಗಿಗೆ ಅರ್ಜೆಂಟಾಗಿದೆ’ ಎಂದು ಇಡೀ ಸಾಲಿಗೆ ಸಾರಿ ಅವಳನ್ನು ಶೌಚಾಲಯಕ್ಕೆ ದಾಟಿಸಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತ್ತು. ಆ ರಾತ್ರಿ ಪುಟ್ಟಿ ಗೋಡೆ ಕಡೆ ತಿರುಗಿ ಮಲಗಿ, ಈ ಬಾಯಿ ಒಂದು ದಿನವಾದರೂ ಮುಚ್ಚಬಾರದೇ ಎಂದುಕೊಂಡಿದ್ದಳು. ಈಗ ಮುಚ್ಚಿತ್ತು. ಬಸ್ಸು ನಿಂತಿತು, ಯಾರೋ ಮುದುಕರು ಅದೇ ಜಾಗದಲ್ಲಿ ಇಳಿಯುವವರಿದ್ದರು, ಬದುಕಿದೆಯಾ ಬಡಜೀವವೇ ಎಂದು ಪುಟ್ಟಿ ಅವರ ಹಿಂದೆಯೇ ಇಳಿದಳು.

ಲೈಟ್‌ಹೌಸ್ ಚಿತ್ರದಲ್ಲಿದ್ದುದಕ್ಕಿಂತ ಗಿಡ್ಡಕ್ಕಿತ್ತು, ಬಣ್ಣ ಸುಲಿದಿತ್ತು, ನೋಡಿದ ಕೂಡಲೇ ಪುಟ್ಟಿಗೆ ಇಷ್ಟವಾಯಿತು. ಮೊಣಕಾಲೆತ್ತರದ ಹುಲ್ಲು ಬುಡದ ತನಕ ಬಂದಿತ್ತು. ಒಂದು ಕಾಲದಲ್ಲಿ ದೋಣಿಗಳನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆಗೆ ಈಗ ಒಂದು ಮೇಕೆಯನ್ನು ಕಟ್ಟಿತ್ತು. ಮೇಕೆಯ ಒಡತಿ ಪಕ್ಕದಲ್ಲೇ ಚಾಪೆ ಹಾಸಿ ಬಿಸಿಲಿನ ಟೋಪಿ ಮಾರುತ್ತಿದ್ದಳು. ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು. ಟೋಪಿಯವಳು ಕೇಳುವ ಮೊದಲೇ ಹೇಳಿದಳು, ಅಷ್ಟರಮಟ್ಟಿಗೆ ಪುಣ್ಯವಂತೆ.

‘ಕೂಗಬೇಕು. ಮೇಲೆ ದೀಪದವರಿದಾರೆ. ಕೂಗಿದ್ರೆ ಬುಟ್ಟೀಲಿ ಬೀಗದಕೈ ಇಳಿಸ್ತಾರೆ. ತಕ್ಕೊಂಡು ಬಾಗಿಲು ತೆಗೆದು ಹತ್ತೋದು.’

ಪುಟ್ಟಿ ತಲೆಯೆತ್ತಿ ನೋಡಿದಳು. ತುದಿಯ ಕಟಕಟೆಯಿಂದ ಒಂದು ರಾಟೆ ಚಾಚಿಕೊಂಡಿತ್ತು, ಅದಕ್ಕೊಂದು ಬೆತ್ತದ ಬುಟ್ಟಿ.

‘ಸಮುದ್ರ ಇಲ್ಲಿದ್ದ ಕಾಲದಿಂದ ಹಾಗೇನೆ,’ ಎಂದಳು ಟೋಪಿಯವಳು. ‘ಮಂಜು ಕವಿದಾಗ ದೀಪ ಕಾಣಲ್ವಲ್ಲ, ದೋಣಿಯೋರು ಕೂಗೋರು. ದನಿ ಕೇಳಿದ ಕಡೆಗೆ ಹಗ್ಗ, ಬುಟ್ಟಿ ಬಿಡೋರು. ಸಮುದ್ರ ಹೋಯ್ತು, ಕೂಗೋದು ಉಳೀತು.’

ಅಕ್ಕ ಮುಂದೆ ಬಂದು, ಎದೆಯುಬ್ಬಿಸಿ, ವಿಸಿಲು ಊದಿದಳು. ಮೇಕೆ ಹಗ್ಗ ಜಗ್ಗಿತು. ಮೇಲೆ ಕಟಕಟೆಯಲ್ಲಿ ಒಂದು ತಲೆ ಇಣುಕಿ, ಒಂದು ಕೈ ಇಲ್ಲವೆಂದು ಅಲ್ಲಾಡಿ, ಎರಡೂ ಮರೆಯಾದವು.

‘ವಿಸಿಲಿಗೆಲ್ಲ ಇಳಿಸಲ್ಲಮ್ಮ. ಬಾಯಿಂದ ಕೂಗಬೇಕು. ನಾನು ಕೂಗಿದ್ರೂ ಇಳಿಸಲ್ಲ, ನನ್ನ ದನಿ ಗೊತ್ತು ಅವರಿಗೆ. ನೋಡೋಕೆ ಬಂದೋರೇ ಕೂಗಬೇಕು.’ ಟೋಪಿಯವಳು ಇಬ್ಬರನ್ನೂ ಅಳೆದು, ‘ಯಾಕೆ, ಇಬ್ಬರಿಗೂ ಮಾತು ಬರಲ್ವಾ?’ ಎಂದಳು. ಪುಟ್ಟಿ ‘ಬರುತ್ತೆ’ ಎನ್ನಲು ಹೋದಳು, ಬರಲಿಲ್ಲ. ಒಂದು ಟೋಪಿ ಕೊಂಡಳು. ಅಷ್ಟರಲ್ಲಿ ಟೋಪಿಯವಳು, ‘ಬೇಗ ಕೂಗಿಬಿಡಿ. ಬಿಸಿಲು ಮೇಲಿನ ಆ ಕಿಟಕಿ ದಾಟಿದ್ರೆ ಅವರು ದೀಪ ಒರೆಸೋಕೆ ಕೂರ್ತಾರೆ. ಆಮೇಲೆ ಯಾರು ಬಡ್ಕೊಂಡ್ರೂ ಇಲ್ಲ’ ಎಂದಳು.

ಯಾರಾದರೂ ಬರಲಿ ಎಂದು ಪುಟ್ಟಿ ಕಾದಳು. ಬಂದರು ಕೂಡ. ಗಂಡ, ಹೆಂಡತಿ, ಹೆಂಡತಿಯ ತಾಯಿ. ಅವಳು ಮೆಲ್ಲಗೆ ಅವರ ಗುಂಪಿನ ಅಂಚಿಗೆ ಸರಿದು, ಗೋಡೆಯ ಬಿರುಕೊಂದನ್ನು ಆರಿಸಿಕೊಂಡಳು. ಈಗ ಕೂಗುತ್ತಾರೆ, ಬುಟ್ಟಿ ಇಳಿಯುತ್ತದೆ, ಅವರ ಹಿಂದೆ ನುಸುಳಿಬಿಟ್ಟರಾಯಿತು. ಗಂಡ ಫೋಟೋ ತೆಗೆದ. ಹೆಂಡತಿ, ‘ಸ್ವಲ್ಪ ಆ ಕಡೆ ಹೋಗ್ತೀರಾ, ನೀವು ಬೀಳ್ತಿದೀರ’ ಎಂದಳು. ಪುಟ್ಟಿ ಆ ಕಡೆ ಹೋದಳು. ‘ಅಲ್ಲೂ ಬೀಳ್ತಿದೀರ’ ಎಂದಳು. ಪುಟ್ಟಿ ಮೇಕೆಯ ಹಿಂದೆ ಹೋಗಿ ನಿಂತಳು. ಹೆಂಡತಿಯ ತಾಯಿ ಮೇಲೆ ನೋಡಿ, ‘ಅಯ್ಯೋ, ಯಾರು ಹತ್ತುತ್ತಾರೆ’ ಎಂದರು, ಮೂವರೂ ಹೊರಟುಹೋದರು. ಅಕ್ಕ ಇದನ್ನೆಲ್ಲ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಅವಳ ಕೈ ಆಗಾಗ ಕೊರಳಿಗೆ ಹೋಗಿ ಬರುತ್ತಿತ್ತು.

ಕೂಗುವುದೆಂದರೆ ಏನು, ಬಾಯಿ ತೆರೆದು ಗಾಳಿ ಬಿಡುವುದು. ಅಂಗುಳು, ನಾಲಿಗೆ, ಹಲ್ಲಿನ ಸಾಲು, ಬಾಯಿಯ ಅಳತೆ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಪುಟ್ಟಿ ಗೋಡೆಗೆ ಹತ್ತಿರ ಹೋಗಿ ‘ದೀಪದವರೇ’ ಎಂದಳು. ಮೇಕೆಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎನ್ನಬೇಕೆಂದಾಗ ಬೆನ್ನ ಹಿಂದೆ ಟೋಪಿಯವಳು ನೋಡುತ್ತಿದ್ದಾಳೆಂಬುದು ನೆನಪಾಗಿ, ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡು ನಿಂತಳು. ಚಿಕ್ಕಂದಿನಲ್ಲಿ ತರಗತಿಯಲ್ಲಿ ಪಾಠ ಓದಲು ಎದ್ದು ನಿಂತವಳು ಹೀಗೆಯೇ ನಿಂತಿದ್ದಳಲ್ಲ, ಪುಸ್ತಕದ ಅಕ್ಷರಗಳೆಲ್ಲ ಸರಿಯಾಗಿ ಕಾಣುತ್ತಿದ್ದವು, ಗಂಟಲಲ್ಲಿ ಮಾತ್ರ ಏನೋ ಅಡ್ಡ ಕೂತಿತ್ತು, ಮಕ್ಕಳು ಕಿಸಕ್ಕೆಂದಿದ್ದವು, ಪಕ್ಕದ ತರಗತಿಯಿಂದ ಅಕ್ಕ ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ತಂಗಿಯ ಪುಸ್ತಕ ಕಿತ್ತುಕೊಂಡು ಆ ಪಾಠವನ್ನು ಶಾಲೆಯ ಹೆಂಚು ಹಾರುವ ಹಾಗೆ ಓದಿ ಮುಗಿಸಿ ಹೋಗಿದ್ದಳು. ಮೇಡಂ ಇಬ್ಬರನ್ನೂ ಹೊರಗೆ ನಿಲ್ಲಿಸಿದ್ದರು. ಹೊರಗೆ ನಿಂತು ಅಕ್ಕ, ‘ಪಾಠ ಚೆನ್ನಾಗಿತ್ತಲ್ವಾ?’ ಎಂದಿದ್ದಳು. ಬಿಸಿಲು ಕಿಟಕಿಯ ಅರ್ಧಕ್ಕೆ ಬಂದಿತ್ತು. ಹೋಗಿಬಿಡೋಣ, ಹೊರಗಿನಿಂದ ನೋಡಿಯಾಯಿತಲ್ಲ, ಇಷ್ಟು ಸಿಕ್ಕಿದ್ದೇ ಹೆಚ್ಚು ಎಂದು ಹೇಳಲು ಪುಟ್ಟಿ ತಿರುಗಿದಳು.

ಅಕ್ಕ ಎದ್ದು ನಿಂತಿದ್ದಳು. ಕೊರಳಿನಿಂದ ವಿಸಿಲು ತೆಗೆದು ಕಲ್ಲಿನ ಮೇಲಿಟ್ಟಿದ್ದಳು. ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡು ಅಂಗೈಯನ್ನೂ ಬಾಯಿಯ ಇಕ್ಕೆಲಕ್ಕೆ ತಂದು, ತಲೆ ಹಿಂದಕ್ಕೆ ವಾಲಿಸಿದಳು. ಈ ನಿಲುವನ್ನು ಪುಟ್ಟಿ ಎಷ್ಟು ಸಲ ಕಂಡಿಲ್ಲ, ಮೈದಾನದ ಆ ತುದಿಯಲ್ಲಿ ಓಡುವವರನ್ನು ಈ ತುದಿಯಿಂದ ತಡೆದು ನಿಲ್ಲಿಸುತ್ತಿದ್ದ ಕೂಗು ಅದರ ಮರುಗಳಿಗೆ ಬರುತ್ತಿತ್ತು. ಅಕ್ಕನ ಎದೆ ಏರಿತು. ಇವಳು ಕೂಗುತ್ತಾಳೆ. ತಂಗಿಗೊಂದು ಹಳೆಯ ದೀಪ ತೋರಿಸಲು ಇವಳು ಇದ್ದ ದನಿಯನ್ನೆಲ್ಲ ಈಗ ಇಲ್ಲೇ ಕಳೆದುಕೊಳ್ಳುತ್ತಾಳೆ, ಕಳೆದುಕೊಂಡು ನಾಳೆಯಿಂದ ಏನೂ ಆಗದವಳ ಹಾಗೆ ಇದ್ದುಬಿಡುತ್ತಾಳೆ.

‘ಅಕ್ಕಾ! ಬೇಡಾ!’

ಯಾರು ಕೂಗಿದರೆಂದು ಪುಟ್ಟಿಯೇ ಸುತ್ತ ನೋಡಿದಳು. ಹುಲ್ಲಿನಿಂದ ಹಕ್ಕಿಗಳು ಭರ್ರನೆ ಎದ್ದವು. ಮೇಕೆ ಬಳೆಗೆ ಎರಡು ಸುತ್ತು ಹಾಕಿ ಸಿಕ್ಕಿಕೊಂಡಿತು. ಟೋಪಿಯವಳು ಎರಡೂ ಕೈಯಲ್ಲಿ ಟೋಪಿಗಳ ರಾಶಿಯನ್ನು ಅಮುಕಿ ಹಿಡಿದಿದ್ದಳು. ಗೋಪುರದ ಗೋಡೆಗೆ ಬಡಿದ ‘ಬೇಡಾ’ ಹುಲ್ಲಿನ ಮೇಲೆ ಎಲ್ಲೆಲ್ಲೋ ಹೋಗಿ ನಿಧಾನಕ್ಕೆ ಆರಿತು. ಅಕ್ಕನ ಬಾಯಿ ತೆರೆದೇ ಇತ್ತು, ಒಳಗೆ ತುಂಬಿಕೊಂಡಿದ್ದ ಉಸಿರು ಸದ್ದಿಲ್ಲದೆ ಹೊರಗೆ ಬಂತು. ಮೇಲೆ ರಾಟೆ ಕಿರುಗುಟ್ಟಿತು. ಬುಟ್ಟಿ ಗೋಡೆಗೆ ತಾಗುತ್ತ, ತಿರುಗುತ್ತ, ಇಳಿದು ಬಂದು ಪುಟ್ಟಿಯ ಹೊಸ ಟೋಪಿಗೆ ಬಡಿದು ನಿಂತಿತು. ಅಕ್ಕ ಕಲ್ಲಿನ ಮೇಲಿನ ವಿಸಿಲನ್ನು ಜೇಬಿಗೆ ಹಾಕಿಕೊಂಡು ಹತ್ತಿರ ಬಂದು, ಜ್ವರ ನೋಡುವವಳ ಹಾಗೆ ತಂಗಿಯ ಗಂಟಲಿಗೆ ಅಂಗೈ ಇಟ್ಟಳು. ಪುಟ್ಟಿಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ, ಮೂಗು ಸೋರಿತು, ಬುಟ್ಟಿಯೊಳಗೆ ಕೈಹಾಕಿ ಬೀಗದಕೈ ತೆಗೆದುಕೊಂಡಳು.

ಒಳಗೆ ತಂಪಾಗಿತ್ತು. ಸುರುಳಿ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಹೆಗಲೆತ್ತರಕ್ಕೊಂದು ನುಣುಪು ಗೆರೆ, ಹತ್ತಿದವರೆಲ್ಲ ಕೈ ಸವರಿ ಮಾಡಿದ್ದು. ಪುಟ್ಟಿ ಅದರ ಮೇಲೆಯೇ ಕೈಯಾಡಿಸುತ್ತ ಹತ್ತಿದಳು. ಅಕ್ಕನ ಚಪ್ಪಲಿಯ ಸದ್ದು ಹಿಂದಿನಿಂದ ಬರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತಾನು ಮುಂದೆ, ಅಕ್ಕ ಹಿಂದೆ ಎಂದು ಅರ್ಧ ದಾರಿಯಲ್ಲಿ ಹೊಳೆದು, ಹೊಳೆದ ಕೂಡಲೇ ಸಂಕೋಚವಾಗಿ ನಿಂತಳು. ಹಿಂದಿನಿಂದ ಅಕ್ಕ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ದೀಪದವರು ಬಿಳಿ ಗಡ್ಡದ, ಸಣಕಲು ಮನುಷ್ಯ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ‘ಯಾರಮ್ಮ ಹಾಗೆ ಕೂಗಿದ್ದು? ಕೈಲಿದ್ದ ಎಣ್ಣೆ ಡಬ್ಬಿ ಬಿದ್ದೋಯ್ತು’ ಎಂದು ನೇರವಾಗಿ ಅಕ್ಕನನ್ನೇ ನೋಡಿದರು. ಅಕ್ಕನನ್ನು ನೋಡಿದರೆ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಅಕ್ಕ ಹೆಬ್ಬೆರಳಿನಿಂದ ಪಕ್ಕಕ್ಕೆ ತೋರಿಸಿದಳು.

‘ಇವರಾ?’

‘ನಾನೇ,’ ಎಂದಳು ಪುಟ್ಟಿ.

‘ಬೇಡ ಅಂತ ಕೂಗಿದ ಹಾಗಿತ್ತು.’

‘ಹೌದು. ತಪ್ಪಾಯ್ತು.’

‘ತಪ್ಪೇನು ಬಂತು. ನಾನು ಪದ ನೋಡಲ್ಲ, ದನಿ ನೋಡ್ತೀನಿ. ಮಂಜಲ್ಲಿ ಮುಳುಗ್ತಿರೋರು ಪದ ಹುಡುಕ್ಕೊಂಡು ಕೂಗ್ತಾರಾ?’

ಆಳೆತ್ತರದ ಗಾಜಿನ ದೀಪ ನಡುವೆ ನಿಂತಿತ್ತು, ಅದರ ಅಂಚಿನ ಪಟ್ಟೆಗಳಲ್ಲಿ ಅಕ್ಕ ತಲೆಕೆಳಗಾಗಿ ತುಂಡು ತುಂಡಾಗಿ ಕಾಣುತ್ತಿದ್ದಳು. ಸುತ್ತ ಕಣ್ಣು ಹರಿಯುವವರೆಗೂ ಹುಲ್ಲು. ನೀರು ಹಿಂದೆ ಸರಿದ ಗುರುತಿನ ಗೆರೆಗಳು ಒಂದರಾಚೆ ಒಂದು ತೆಳ್ಳಗೆ ಬಾಗಿಕೊಂಡಿದ್ದವು. ಪುಟ್ಟಿ ನೋಡಿದಳು. ಮಾತಿಲ್ಲದೆ ನೋಡುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಆದರೆ ನೋಡುತ್ತ ನೋಡುತ್ತ ಒಂದು ಪ್ರಶ್ನೆ ಎದ್ದಿತು, ಅದನ್ನು ಯಾರು ಕೇಳಬೇಕೆಂದು ಅಭ್ಯಾಸದಿಂದ ಅಕ್ಕನ ಕಡೆ ತಿರುಗಿ, ಮತ್ತೆ ದೀಪದವರ ಕಡೆ ತಿರುಗಿ, ತಾನೇ ಕೇಳಿದಳು.

‘ಇಲ್ಲಿಂದ ಸಮುದ್ರ ಕಾಣುತ್ತಾ?’

‘ಇಲ್ಲ. ನಾನೂ ನೋಡಿಲ್ಲ, ನಮ್ಮಪ್ಪನೂ ನೋಡಿರಲಿಲ್ಲ.’

‘ಮತ್ತೆ ದೀಪ ಯಾಕೆ ಹಚ್ತೀರಿ?’

‘ಬಂದ್ರೆ?’ ಎಂದರು ದೀಪದವರು.

ಅವರು ದೀಪ ಒರೆಸುವ ಬಟ್ಟೆ ಹುಡುಕಲು ಹೋದರು. ಅಕ್ಕ ಕಟಕಟೆಗೆ ಬೆನ್ನು ಕೊಟ್ಟು ನಿಂತಿದ್ದಳು, ಅಷ್ಟು ದೊಡ್ಡ ಬಯಲನ್ನು ಬಿಟ್ಟು ಅವಳು ನೋಡುತ್ತಿದ್ದುದು ತಂಗಿಯ ಮುಖವನ್ನು. ಆ ಇಕ್ಕಟ್ಟಿನ ಮನೆಯಲ್ಲಿ, ಆ ಮೆಟ್ಟಿಲ ತುದಿಯಲ್ಲಿ, ಕೊಡೆಗಳ ಒಳಕೋಣೆಯಲ್ಲಿ ಅಕ್ಕ ನಿಂತಿದ್ದುದೂ ಹೀಗೆಯೇ ಅಲ್ಲವೇ, ಜಾಗಕ್ಕೆ ಬೆನ್ನು ಕೊಟ್ಟು? ಕೊಡೆಗಳ ಬಗ್ಗೆ ಮನೆಗೆ ಬಂದು ಕೇಳಿದರೆ ಅವಳಿಗೆ ಒಂದೂ ನೆನಪಿರಲಿಲ್ಲ. ‘ನೀನು ನೋಡಿದ್ಯಲ್ಲ, ಸಾಕು’ ಎಂದಿದ್ದಳು. ಪುಟ್ಟಿಗೆ ಅದು ಅಸಡ್ಡೆ ಅನ್ನಿಸಿ ಬೇಜಾರಾಗಿತ್ತು. ಇಷ್ಟು ವರ್ಷ ಈ ಹೆಂಗಸಿನ ದನಿಗೆ ನಾಚಿಕೊಂಡೆ, ಆ ದನಿ ತೆರೆಸಿಕೊಟ್ಟ ಬಾಗಿಲುಗಳ ಒಳಗೆಲ್ಲ ನಾನೊಬ್ಬಳೇ ಹೋಗಿ ಬಂದೆ. ಇವಳಿಲ್ಲದಿದ್ದರೆ ನಾನು ಕಂಡದ್ದು ಯಾವುದೂ ಇಲ್ಲ, ಒಂದು ಕೊಡೆಯೂ ಇಲ್ಲ. ಹೇಳಿಬಿಡಬೇಕು, ದನಿ ಹೇಗೂ ಹೊರಬಿದ್ದಿದೆ.

‘ಅಕ್ಕ, ನಿನ್ನ ಗಂಟಲು ಹಾಳು ಮಾಡಿದ್ದು ನಾನು. ಬೆಳಿಗ್ಗೆ ಬಿಸಿನೀರೂ ಕೇಳ್ಲಿಲ್ಲ. ಸುಳ್ಳು ಹೇಳ್ದೆ.’

ಅಕ್ಕ ಜೇಬಿನಿಂದ ವಿಸಿಲು ತೆಗೆದು, ಬಾಯಿಗಿಟ್ಟು, ಉದ್ದಕ್ಕೆ ಎಳೆದು ಊದಿದಳು. ಗಾಜಿನ ಕೋಣೆಯೆಲ್ಲ ಝಲ್ಲೆಂದಿತು. ‘ಏಯ್, ಇಲ್ಲಿ ಅದೆಲ್ಲ ಊದಬಾರದಮ್ಮ!’ ಎಂದು ದೀಪದವರು ಓಡಿ ಬಂದರು. ಪುಟ್ಟಿ ನಗತೊಡಗಿದಳು. ಅಕ್ಕ ನಗಲೂಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಹೆಗಲು ಕುಣಿಸಿದಳು. ಇಂಥ ಅಕ್ಕನನ್ನು ಕೊಟ್ಟದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಪುಟ್ಟಿಗೆ ತಿಳಿಯಲಿಲ್ಲ, ಹುಲ್ಲಿನ ಬಯಲಿನ ಕಡೆಗೇ ತಿರುಗಿ ನಿಂತಳು.

ಆಗ ಕೆಳಗೆ ಆತ ಕಂಡ. ಮಧ್ಯವಯಸ್ಸಿನವ, ಹೆಗಲಿಗೆ ಚೀಲ, ಬಸ್ಸಿನಿಂದ ಒಬ್ಬನೇ ಇಳಿದು ಬಂದಿರಬೇಕು. ಟೋಪಿಯವಳು ಅವನಿಗೆ ಏನೋ ಹೇಳುತ್ತಿದ್ದಳು, ಕೈ ಮೇಲಕ್ಕೆ ತೋರಿಸುತ್ತಿದ್ದಳು. ಅವನು ತಲೆಯಾಡಿಸಿದ. ಮೇಲೆ ನೋಡಿದ, ಸುತ್ತ ನೋಡಿದ, ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಾಯಿಸಿದ. ಒಂದು ಟೋಪಿ ಕೊಂಡ. ಆಮೇಲೆ ಗೋಡೆಗೆ ಹತ್ತಿರ ಬಂದು, ಕಲ್ಲಿನ ಬಿರುಕೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತ.

‘ಬುಟ್ಟಿ ಇಳಿಸಿ,’ ಎಂದಳು ಪುಟ್ಟಿ.

ದೀಪದವರು ಕಿವಿಗೆ ಕೈ ಹಚ್ಚಿ ಕೇಳಿದರು. ‘ಯಾರೂ ಕೂಗ್ತಿಲ್ವಲ್ಲ.’

‘ಕೂಗ್ತಿದಾರೆ.’

‘ನನಗೆ ಕೇಳಿಸ್ತಿಲ್ಲಮ್ಮ.’

‘ನನಗೆ ಕೇಳಿಸ್ತಿದೆ,’ ಎಂದಳು ಪುಟ್ಟಿ.

ದೀಪದವರು ಅವಳನ್ನು ನೋಡಿದರು, ಕೆಳಗೆ ನಿಂತವನನ್ನು ನೋಡಿದರು, ಕಿಟಕಿ ದಾಟುತ್ತಿದ್ದ ಬಿಸಿಲನ್ನು ನೋಡಿದರು. ಗಡ್ಡ ಕೆರೆದುಕೊಂಡು, ಗೂಟದಿಂದ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟರು. ‘ಹಾಗಾದ್ರೆ ನೀವೇ ಇಳಿಸಿ. ನಿಧಾನ. ಕೈ ಜಾರಿದ್ರೆ ಅವರ ತಲೆ ಮೇಲೇ ಬೀಳುತ್ತೆ.’ ಪುಟ್ಟಿ ತಾನು ತಂದ ಬೀಗದಕೈಯನ್ನು ಬುಟ್ಟಿಗೆ ಹಾಕಿದಳು. ಬಾಗಿಲು ತೆರೆದೇ ಇದೆ, ಕೀಲಿ ಬೇಕಾಗಿಲ್ಲ ಎಂದು ಆಮೇಲೆ ನೆನಪಾಯಿತು, ಇರಲಿ ಎಂದುಕೊಂಡಳು. ಹಗ್ಗವನ್ನು ಅಂಗೈಯಿಂದ ಅಂಗೈಗೆ ಬಿಡುತ್ತ ಹೋದಳು. ಬುಟ್ಟಿ ಅವನ ಬೆನ್ನ ಹಿಂದೆಯೇ ಇಳಿದು ನಿಂತಿತು, ಅವನು ಮಾತ್ರ ಬಿರುಕಿನಿಂದ ಕಣ್ಣು ಕೀಳಲಿಲ್ಲ. ಅಕ್ಕ ವಿಸಿಲನ್ನು ತುಟಿಗಿಟ್ಟು, ದೀಪದವರ ಕಡೆ ಒಮ್ಮೆ ನೋಡಿ, ಮೆಲ್ಲಗೆ ಎರಡು ಸಲ ಊದಿದಳು. ಅವನು ಬೆಚ್ಚಿ ತಿರುಗಿದ, ಮುಖದ ಮುಂದೆ ತೂಗುತ್ತಿದ್ದ ಬುಟ್ಟಿಯನ್ನು ನೋಡಿದ, ತಲೆಯೆತ್ತಿದ. ಪುಟ್ಟಿ ಒಂದು ಕೈಯಲ್ಲಿ ಹಗ್ಗ ಹಿಡಿದು ಕಟಕಟೆಯಿಂದ ಬಗ್ಗಿದಳು.

‘ಬನ್ನಿ,’ ಎಂದು ಕೂಗಿದಳು. ‘ಮೇಲೆ ಗಾಳಿ ಚೆನ್ನಾಗಿದೆ!’